ಮಾಡ ಆಗೇತಿ, ಕ್ಯಾಮೆರಾ ಒಳಗಿಡು!

ವಾರ್ಷಿಕ ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂತೆಂದರೆ ಕ್ಯಾಮೆರಾ ಹಿಡಿದು ಊರ ಹೊರಗೆ ಹೊರಡುವ ಹುಡುಗರಿಗೆ ಈಗ ಬರವಿಲ್ಲ. ರೀಲಿನ ಕಾಲದಲ್ಲಿ 36 ಚಿತ್ರ ತೆಗೆಯುವಷ್ಟರಲ್ಲಿ ಅಪ್ಪನ ಜೇಬು ನೆನಪಾಗುತ್ತಿತ್ತು. ಈಗ ಮೊಬೈಲೇ ಕ್ಯಾಮೆರಾ. ಆದರೆ ಚಿತ್ರಕ್ಕೆ ಬೇಕಾದ ಬೆಳಕನ್ನು ಅಂದೂ ಇಂದೂ ಕೊಡುವುದು ಆಕಾಶವೇ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಆಕಾಶವಂತೂ ಏಪ್ರಿಲ್-ಮೇ ತಿಂಗಳಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ. ಬೆಳಿಗ್ಗೆ ತಿಳಿನೀಲಿ, ಮಧ್ಯಾಹ್ನ ನೆತ್ತಿ ಸುಡುವ ಬಿಸಿಲು, ಸಂಜೆಗೆ ಇದ್ದಕ್ಕಿದ್ದಂತೆ ಗಾಳಿ, ಗುಡುಗು, ಕೆಲವೊಮ್ಮೆ ಆಲಿಕಲ್ಲು. ಇಂಥ ದಿನಗಳಲ್ಲಿ ಒಳ್ಳೆಯ ಚಿತ್ರ ಬೇಕೆನ್ನುವವನು ಕ್ಯಾಮೆರಾಕ್ಕಿಂತ ಮೊದಲು ಆಕಾಶವನ್ನು ಓದಲು ಕಲಿಯಬೇಕು.

ಇದಕ್ಕೆ ಕರ್ನಾಟಕದಲ್ಲೇ ದೊಡ್ಡ ಮಾದರಿಯಿದೆ. ಸಂಡೂರಿನ ಎಂ.ವೈ. ಘೋರ್ಪಡೆ (1931–2011) ರಾಜ್ಯದ ಹಣಕಾಸು ಸಚಿವರಾಗಿದ್ದವರು. ಅಷ್ಟೇ ಹೆಸರನ್ನು ವನ್ಯಜೀವಿ ಛಾಯಾಗ್ರಹಣದಲ್ಲೂ ಗಳಿಸಿದರು. 1983ರಲ್ಲಿ ಬಂದ ಅವರ ಪುಸ್ತಕದ ಹೆಸರೇ ‘ಸನ್‌ಲೈಟ್ ಅಂಡ್ ಶ್ಯಾಡೋಸ್’, ಅಂದರೆ ಬಿಸಿಲು ಮತ್ತು ನೆರಳು. ಹವ್ಯಾಸದಿಂದ ಓದು, ಉದ್ಯೋಗ ಕೆಡುತ್ತವೆ ಎಂದು ಆತಂಕಪಡುವ ಪಾಲಕರು ಅವರನ್ನು ನೆನೆಯಬಹುದು.

ನಸುಕಿನ ಹುಲ್ಲೆ

ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಕುರುಚಲು ಕಾಡಿನ ಸುಮಾರು 96 ಚದರ ಕಿಲೋಮೀಟರ್ ಪ್ರದೇಶ 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವಾಯಿತು. ಚಿಂಕಾರ ಎಂಬುದು ತೆಳುಗಾಲಿನ ಸಣ್ಣ ಹುಲ್ಲೆ. ತಿನ್ನುವ ಎಲೆ, ಚಿಗುರುಗಳಿಂದಲೇ ಬೇಕಾದ ನೀರಿನ ಬಹುಪಾಲನ್ನು ಪಡೆಯುವ ಈ ಪ್ರಾಣಿ ಬಿಸಿಲೇರುತ್ತಿದ್ದಂತೆ ನೆರಳು ಸೇರುತ್ತದೆ. ಆದ್ದರಿಂದ ಛಾಯಾಗ್ರಾಹಕ ಅರಣ್ಯ ಇಲಾಖೆಯ ಅನುಮತಿ ಪಡೆದು, ಸೂರ್ಯ ಹುಟ್ಟುವ ಮೊದಲೇ ಅಲ್ಲಿರಬೇಕು. ಎಂಟು ಗಂಟೆಯ ನಂತರ ಬೆಳಕೂ ಹುಲ್ಲೆಯೂ ಎರಡೂ ಕೈಗೆ ಸಿಗುವುದಿಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ಇನ್ನೂ ಹತ್ತಿರದ ಚಿತ್ರ ಬೇಕೆಂದು ಬೆನ್ನಟ್ಟಿದರೆ ಚಿಂಕಾರ ಓಡುತ್ತದೆ. ಕಡು ಬೇಸಿಗೆಯಲ್ಲಿ ಮೈಯಲ್ಲಿ ಹಿಡಿದಿಟ್ಟುಕೊಂಡ ನೀರನ್ನು ಅದು ಹಾಗೆ ಕಳೆದುಕೊಳ್ಳುತ್ತದೆ. ದೂರದ ಸಣ್ಣ ಚಿತ್ರವೇ ಸಾಕು ಎನ್ನುವ ತೃಪ್ತಿ ಒಳ್ಳೆಯ ಛಾಯಾಗ್ರಾಹಕನ ಮೊದಲ ಗುಣ.

ನೆರಳಿಲ್ಲದ ಮಧ್ಯಾಹ್ನ

ಈ ನಾಲ್ಕೂ ಊರುಗಳು ಸುಮಾರು 16.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಹಾಗಾಗಿ ಮೇ ತಿಂಗಳ ಮೊದಲ ವಾರದಲ್ಲಿ ಒಂದು ದಿನ ಸೂರ್ಯ ಇಲ್ಲಿ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ನಿಲ್ಲಿಸಿದ ಕೋಲಿನ ನೆರಳು ಕೋಲಿನ ಬುಡದಲ್ಲೇ ಮಾಯವಾಗುತ್ತದೆ. ಇದು ನಡೆಯುವುದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು 12 ಗಂಟೆ 25 ನಿಮಿಷಕ್ಕೆ. ಏಕೆಂದರೆ ನಮ್ಮ ಗಡಿಯಾರಗಳು 82.5 ಡಿಗ್ರಿ ರೇಖಾಂಶದ ವೇಳೆಯನ್ನು ತೋರಿಸುತ್ತವೆ. ಈ ಸೀಮೆ ಅದಕ್ಕಿಂತ ಪಶ್ಚಿಮಕ್ಕಿದೆ. ವಿದ್ಯಾರ್ಥಿಗಳು ಅಂಗಳದಲ್ಲಿ ಕೋಲು ನೆಟ್ಟು ಪರೀಕ್ಷಿಸಿ ನೋಡಬಹುದು.

ಈ ಬೆಳಕಿನಲ್ಲಿ ಮುಖದ ಚಿತ್ರ ತೆಗೆದರೆ ಕಣ್ಣುಗಳೆರಡೂ ಕಪ್ಪು ಕುಳಿಗಳಾಗಿ ಕಾಣುತ್ತವೆ. ಆಗ ಒಳಾಂಗಣಕ್ಕೆ ಹೋಗುವುದೇ ಜಾಣತನ. ರಬಕವಿ-ಬನಹಟ್ಟಿ ನೇಕಾರರ ಊರು. ಕಿಟಕಿಯಿಂದ ಬೀಳುವ ಮೆದು ಬೆಳಕಿನಲ್ಲಿ ಹಾಸಿನ ಎಳೆಗಳು, ಓಡುವ ಲಾಳಿ, ನೇಕಾರರ ಬೆರಳುಗಳು ನಡುಮಧ್ಯಾಹ್ನವೂ ಸೊಗಸಾದ ಚಿತ್ರ ಕೊಡುತ್ತವೆ. ಕೇಳಿ, ಒಪ್ಪಿಗೆ ಪಡೆದು ತೆಗೆಯಬೇಕು ಅಷ್ಟೇ.

ಮೋಡ ಕಟ್ಟುವ ಬಗೆ

ಮೂರು ಗಂಟೆಯ ಹೊತ್ತಿಗೆ ಆಟ ಬದಲಾಗುತ್ತದೆ. ಕಾದ ನೆಲದ ಮೇಲಿನ ಬಿಸಿಗಾಳಿ ಮೇಲೇರುತ್ತದೆ. ಅದರಲ್ಲಿ ತೇವವಿದ್ದರೆ ಮೇಲೆ ತಂಪಾಗಿ ಮೋಡವಾಗುತ್ತದೆ. ಹೂಕೋಸಿನಂತೆ ಉಬ್ಬಿ, ತಲೆ ಚಪ್ಪಟೆಯಾಗಿ ಹರಡಿತೆಂದರೆ ಅದು ಗುಡುಗಿನ ಮೋಡ. ಒಂದು ಊರಿಗೆ ಸುರಿದು ಪಕ್ಕದ ಊರನ್ನು ಒಣಗಿಸಿಬಿಡುವುದೂ ಇದರ ಸ್ವಭಾವ.

ಚಿತ್ರಕ್ಕೆ ಇದಕ್ಕಿಂತ ಚೆಂದದ ಹಿನ್ನೆಲೆ ಇಲ್ಲ. ಅಪಾಯವೂ ಇದಕ್ಕಿಂತ ದೊಡ್ಡದಿಲ್ಲ. ಬಯಲು ಎರೆಹೊಲದಲ್ಲಿ ಕ್ಯಾಮೆರಾ ಸ್ಟ್ಯಾಂಡ್ ಹಿಡಿದು ನಿಂತವನೇ ಸುತ್ತಲಿನಲ್ಲಿ ಎತ್ತರದ ವಸ್ತು! ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಬೇಕು. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. ಎಣಿಕೆ 30ಕ್ಕಿಂತ ಕಡಿಮೆಯಾದರೆ ಪಕ್ಕಾ ಕಟ್ಟಡ ಸೇರಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬಾರದು. ಒಂಟಿ ಮರದ ಕೆಳಗೆ ನಿಲ್ಲುವುದಂತೂ ಸಲ್ಲದು. ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. “ಏ ತಮ್ಮಾ, ಮಾಡ ಆಗೇತಿ, ಒಳಗ ಬಾ” ಎಂದು ಹೊಲದ ಹಿರಿಯರು ಕೂಗಿದರೂ ಅದು ಮುನ್ಸೂಚನೆಯೇ. ಕೇಳುವುದು ಒಳ್ಳೆಯದು.

ಮಳೆ ನಿಂತ ಸಂಜೆ

ಕಾದವನಿಗೆ ಮಳೆಯ ನಂತರದ ಬೆಳಕೇ ಬಹುಮಾನ. ಗಾಳಿಯ ಧೂಳು ತೊಳೆದುಹೋಗಿ ದೂರದ ಗುಡ್ಡವೂ ಹತ್ತಿರ ಬಂದಂತೆ ಕಾಣುತ್ತದೆ. ನಾಲ್ಕು ಗಂಟೆ ದಾಟಿದ್ದರೆ ಸೂರ್ಯನಿಗೆ ಬೆನ್ನು ಕೊಟ್ಟು ಪೂರ್ವಕ್ಕೆ ನೋಡಬೇಕು, ಕಾಮನಬಿಲ್ಲು ಮೂಡುವುದು ಆ ಕಡೆಗೇ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಒಂದು ಬ್ಯಾರೇಜ್ ಇದೆ. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಕೂಡಿಸಿ, ಶ್ರಮದಾನ ಮಾಡಿ 1989ರಲ್ಲಿ ಕಟ್ಟಿ ಮುಗಿಸಿದ ಇದಕ್ಕೆ ‘ಶ್ರಮಬಿಂದು ಸಾಗರ’ ಎಂಬ ಹೆಸರಿದೆ. ಬೇಸಿಗೆಯಲ್ಲಿ ನೀರಿಗಾಗಿ ಬಾಯಿಬಿಡುವ ನೆಲದಲ್ಲಿ ಆ ನೀರಿನ ಮೇಲೆ ಬಿದ್ದ ಮೋಡದ ಬಿಂಬಕ್ಕೆ ಬೇರೆಯೇ ಅರ್ಥವಿದೆ.

ಆದರೆ ಅದೇ ಮೋಡ ಎಲ್ಲರಿಗೂ ಸುಂದರವಲ್ಲ. ತೇರದಾಳ, ರಬಕವಿ ಕಡೆಯ ರೈತರು ಬೇಯಿಸಿದ ಅರಿಸಿನವನ್ನು ಬಯಲಲ್ಲಿ ಹರವಿ ದಿನಗಟ್ಟಲೆ ಒಣಗಿಸುತ್ತಾರೆ. ಒಂದು ಮಳೆಗೆ ನೆನೆದರೆ ಬಣ್ಣ ಕೆಡುತ್ತದೆ, ಬೆಲೆ ಬೀಳುತ್ತದೆ. ಕಪ್ಪು ಮೋಡದ ಕೆಳಗೆ ಹಳದಿ ಹರವಿದ ಕಣ ಅಪರೂಪದ ಚಿತ್ರವೇ ಸರಿ. ಆ ಕ್ಷಣದಲ್ಲಿ ಮನೆಮಂದಿಯೆಲ್ಲ ಅರಿಸಿನ ಗುಡ್ಡೆ ಮಾಡಿ ತಾಡಪತ್ರಿ ಎಳೆಯುತ್ತಿರುತ್ತಾರೆ. ಗಾಳಿಗೆ ಹಾರುವ ತಾಡಪತ್ರಿಯ ಒಂದು ತುದಿ ಹಿಡಿಯಲು ಯಾವಾಗಲೂ ಒಂದು ಕೈ ಕಡಿಮೆ ಬೀಳುತ್ತದೆ.

ಗುಡುಗು ಇನ್ನೂ ದೂರವಿದ್ದರೆ ಒಂದು ಚಿತ್ರಕ್ಕೆ ಸಮಯವಿರುತ್ತದೆ. ಅದನ್ನು ತೆಗೆದು, ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ತುದಿ ಹಿಡಿಯಬೇಕು. ಅರಿಸಿನ ಒಣದಾಗಿ ಉಳಿದ ಮನೆಯವರು ಮುಂದಿನ ಬೇಸಿಗೆಯಲ್ಲಿ ಅದೇ ಹುಡುಗ ಕ್ಯಾಮೆರಾ ಹಿಡಿದು ಬಂದರೆ ಬೇಡವೆನ್ನಲಾರರು.