ಫೋನನ್ನ ಅಡ್ಡ ಹಿಡೀರಿ: ಅಗ್ಗದ ಕೌಬಾಯ್ ಸಿನಿಮಾ ಮತ್ತು ನಮ್ಮ ಗಂಡುಗಲಿ

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಬಸ್ಸಿನಲ್ಲಿ ಕೂತು, ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ಎಲ್ಲರಿಗೂ ಸ್ವಾಗತ. ಇವತ್ತಿನ ಪ್ರಶ್ನೆ: ಹಳೇ ಸಿನಿಮಾನ ನಾವು ಪೂರ್ತಿ ನೋಡಿದ್ದೀವಾ?

ನಮ್ಮ ಕಡೆಯಿಂದಲೇ ಶುರು ಮಾಡೋಣ. ಹಾನಗಲ್ಲಿನ ವೀರಗಲ್ಲು ನೋಡಿದ್ದೀರಲ್ಲ? ಯಾರದೋ ಜಗಳಕ್ಕೆ ಕತ್ತಿ ಹಿಡಿದು ಸತ್ತವರ ಕಲ್ಲುಗಳವು. ಅಂಥದೇ ಕಾಲದ ಬಾಡಿಗೆ ಸೈನಿಕನ ಕಥೆ 1978ರ ‘ಒಂದಾನೊಂದು ಕಾಲದಲ್ಲಿ’. ನಿರ್ದೇಶನ ಗಿರೀಶ್ ಕಾರ್ನಾಡ್. ಗಂಡುಗಲಿ ಪಾತ್ರ ಶಂಕರ್ ನಾಗ್ ಅವರದು. ಅದು ಅವರ ಮೊದಲ ಸಿನಿಮಾ ನೋಡ್ರಿ, ಅದಕ್ಕೇ 1979ರ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು.

ಈ ಕಥೆಗೆ ಸ್ಫೂರ್ತಿ ಜಪಾನಿನ ಅಕಿರಾ ಕುರೊಸಾವಾ. ಅವರ 1961ರ ‘ಯೋಜಿಂಬೊ’ದಲ್ಲೂ ಒಬ್ಬ ಬಾಡಿಗೆ ಕತ್ತಿಯವ ಎರಡು ಬಣಗಳ ನಡುವೆ ಬಂದು ನಿಲ್ತಾನೆ. ಅದೇ ಕಥೆಗೆ ಟೋಪಿ, ಪಿಸ್ತೂಲು ಕೊಟ್ಟು ಇಟಲಿಯ ಸರ್ಜಿಯೊ ಲಿಯೋನೆ 1964ರಲ್ಲಿ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಮಾಡಿದರು. ಅನುಮತಿ ಪಡೆದಿರಲಿಲ್ಲ, ಕೇಸ್ ಆಯ್ತು, ಕೊನೆಗೆ ರಾಜಿ. ಅಮೆರಿಕದಲ್ಲಿ ಬಿಡುಗಡೆ ಆಗಿದ್ದು 1967ರಲ್ಲಿ.

ಬಜೆಟ್ ಸುಮಾರು 2 ಲಕ್ಷ ಡಾಲರ್, ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ ಕಾಸು. ಶೂಟಿಂಗ್ ಸ್ಪೇನ್‌ನಲ್ಲಿ. ಹೀರೊ ಕ್ಲಿಂಟ್ ಈಸ್ಟ್‌ವುಡ್ ಆಗಿನ್ನೂ ಟಿವಿ ನಟ. ರೀಲಿನಲ್ಲೂ ಉಳಿತಾಯ: ಮಾಮೂಲಿ 35 ಎಂಎಂ ಫಿಲ್ಮಿನಲ್ಲಿ ಒಂದು ಫ್ರೇಮಿನ ಎತ್ತರ 4 ತೂತು. ಇವರು ಬಳಸಿದ ಟೆಕ್ನಿಸ್ಕೋಪ್‌ನಲ್ಲಿ 2 ತೂತು ಮಾತ್ರ. ಅಂದ್ರೆ ಅರ್ಧ ರೀಲಿನಲ್ಲೇ ಕೆಲಸ ಮುಗೀತು. ಎತ್ತರ ಕಮ್ಮಿ ಆದ್ದರಿಂದ ಚಿತ್ರ ಅಗಲ ಆಯ್ತು. ಲಿಯೋನೆ ಆ ಅಗಲವನ್ನೇ ಬಂಡವಾಳ ಮಾಡ್ಕೊಂಡ್ರು: ಈ ತುದಿಗೊಬ್ಬ, ಆ ತುದಿಗೊಬ್ಬ, ನಡುವೆ ಖಾಲಿ ಬೀದಿ.

ಆಮೇಲೆ ವಿಸಿಆರ್ ಬಂತು. ಆಗಿನ ಟಿವಿ ಪರದೆ ಹತ್ತಿರಹತ್ತಿರ ಚೌಕ. ಅದರ ತುಂಬ ಚಿತ್ರ ಕೂಡಿಸೋಕೆ ಎರಡೂ ಬದಿ ಕತ್ತರಿಸೋದು ರೂಢಿ. ಈ ಅಳತೆಯ ಚಿತ್ರದಲ್ಲಿ ಹಾಗೆ ಮಾಡಿದರೆ 100ಕ್ಕೆ 40ಕ್ಕಿಂತ ಹೆಚ್ಚು ಭಾಗ ಹೋಯ್ತು. ಎದುರಾಳಿಗಳಿಬ್ಬರಲ್ಲಿ ಒಬ್ಬ ಕಾಣೋದೇ ಇಲ್ಲ! ಡಿವಿಡಿ ಬಂದಮೇಲೆ ಪೂರ್ತಿ ಅಗಲದ ಪ್ರತಿಗಳು ಮನೆಗೆ ಬಂದವು. ಕ್ಯಾಸೆಟ್ಟಿನಲ್ಲಿ ನೋಡಿದವರಿಗೂ ಅದು ಹೊಸ ಸಿನಿಮಾ ಥರ ಕಂಡಿತು.

ಈಗ ನಿಮ್ಮ ಕೈಲಿರೋ ಫೋನ್ ನೋಡಿ. ಅಡ್ಡ ಹಿಡಿದರೆ ಬಹಳಷ್ಟು ಫೋನ್‌ಗಳ ಪರದೆ 20:9, ಅಂದ್ರೆ 2.22. ಆ ಸಿನಿಮಾ ಸುಮಾರು 2.35. ಹಳೇ ಟಿವಿಗಿಂತ ನಿಮ್ಮ ಫೋನೇ ಅದಕ್ಕೆ ಸರಿಯಾದ ಜಾಗ.

ಹಾಗಾಗಿ ಎರಡು ಮಾತು ನೆನಪಿಡಿ. ಮೇಲೆ ಕೆಳಗೆ ಕಪ್ಪು ಪಟ್ಟಿ ಕಂಡರೆ ಬೈಬೇಡಿ. ಸಾಮಾನ್ಯವಾಗಿ ಅದು ಫ್ರೇಮ್ ಪೂರ್ತಿ ಉಳಿದಿರೋ ಗುರುತು. ಮುಖಗಳು ಎಳೆದಂಗೆ ಕಂಡರೆ ಆ ಪ್ರತಿ ಬಿಡಿ, ಬೇರೆ ಹುಡುಕಿ. ನಮ್ಮ ಗಂಡುಗಲಿಯನ್ನ ನೋಡುವಾಗಲೂ ಇಷ್ಟೇ ಕಾಳಜಿ ಇರಲಿ. ಮಸುಕು ಪ್ರತಿ ನೋಡಿ ‘ಹಳೇ ಸಿನಿಮಾ, ಬೋರು’ ಅಂತ ತೀರ್ಪು ಕೊಡಬೇಡಿ.

ಮನೇಲಿ ಅಪ್ಪನೋ ದೊಡ್ಡಪ್ಪನೋ ಕೌಬಾಯ್ ಸಿನಿಮಾನ ಕ್ಯಾಸೆಟ್ಟಿನಲ್ಲಿ ನೋಡಿದ್ದರೆ, ಪಕ್ಕಕ್ಕೆ ಕೂರಿಸ್ಕೊಳ್ರಿ. ಅವರು ನೋಡದೇ ಉಳಿದ ಆ ಇನ್ನೊಬ್ಬನನ್ನ ತೋರಿಸ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.