ಆಕಾಶ ತಿಳಿ, ಕಡಲಿಗೆ ಸಿಟ್ಟು! ಡಿಸೆಂಬರ್ ವಿಹಾರಕ್ಕೆ ಹೊರಟವರೇ, ತುಸು ನಿಲ್ಲಿ

ಡಿಸೆಂಬರ್ ಬಂತೆಂದರೆ ಮಂಗಳೂರಿನ ಸಂಸಾರಸ್ಥರಿಗೆ ಕಡಲ ನೆನಪಾಗುತ್ತದೆ. ಮಳೆಗಾಲದ ಕೆಸರಿಲ್ಲ, ಏಪ್ರಿಲ್ಲಿನ ಬೆವರಿಲ್ಲ. ಕ್ರಿಸ್‌ಮಸ್ ರಜೆಗೆ ಘಟ್ಟದ ಮೇಲಿನ ನೆಂಟರು ಬೇರೆ ಬಂದಿರುತ್ತಾರೆ. ಭಾನುವಾರ ಸಂಜೆ ಉಳ್ಳಾಲದ ಬಸ್ಸು, ಪಣಂಬೂರಿನ ಬಸ್ಸು ನೋಡಿದರೆ ಸಾಕು: ಅಜ್ಜಿಯ ಹೆಗಲಲ್ಲಿ ಶಾಲು, ಮಕ್ಕಳ ಕೈಯಲ್ಲಿ ಗಾಳಿಪಟ, ಅಪ್ಪನ ಕೈಯಲ್ಲಿ ಎಲ್ಲರ ಚಪ್ಪಲಿ ತುಂಬಲು ತಂದ ಚೀಲ. ಮರಳಲ್ಲಿ ಒಂದು ಮೈಲು ನಡೆದು, ಚುರುಮುರಿ ತಿಂದು, ಸೂರ್ಯ ಮುಳುಗಿದ ಮೇಲೆ ಮನೆಗೆ. ಇಷ್ಟು ಅಗ್ಗದ, ಇಷ್ಟು ಒಳ್ಳೆಯ ವಿಹಾರ ಇನ್ನೊಂದಿಲ್ಲ.

ಆದರೆ ನಮ್ಮವರಲ್ಲಿ ಒಂದು ನಂಬಿಕೆ ಉಂಟು. ಕಡಲಿಗೆ ಸಿಟ್ಟು ಬರುವುದು ಆಟಿ ತಿಂಗಳಲ್ಲಿ. ಚಳಿಗಾಲದ ಕಡಲು ಸಾಧು ಪ್ರಾಣಿ. ಈ ನಂಬಿಕೆಯೇ ಮೋಸ!

2017ರ ಡಿಸೆಂಬರ್ ಮೊದಲ ವಾರವನ್ನು ಉಳ್ಳಾಲದವರು ಮರೆತಿಲ್ಲ. ಕನ್ಯಾಕುಮಾರಿಯ ಕಡೆಯಿಂದ ಎದ್ದ ಓಖಿ ಚಂಡಮಾರುತ ಲಕ್ಷದ್ವೀಪದ ಮೇಲೆ ಹಾದು ಗುಜರಾತಿನತ್ತ ತಿರುಗಿತು. ಮಂಗಳೂರಿಗೆ ಅದು ಬರಲೇ ಇಲ್ಲ. ಆದರೂ ಡಿಸೆಂಬರ್ 2ರ ಶನಿವಾರ ರಾತ್ರಿ ಉಳ್ಳಾಲ, ಸೋಮೇಶ್ವರದಲ್ಲಿ ಕಡಲು ಉಕ್ಕಿ ದಡದ ಮನೆಗಳ ಬುಡಕ್ಕೆ ಬಂತು. ಮರುದಿನ ಹುಣ್ಣಿಮೆ. ಭರತದ ನೀರಿಗೆ ಅಲೆಯ ಬಲ ಕೂಡಿತ್ತು. ಅದೇ ಓಖಿಗೆ ಸಿಕ್ಕ ಕೇರಳ, ತಮಿಳುನಾಡಿನ ನೂರಾರು ಮೀನುಗಾರರು ಮನೆಗೆ ಮರಳಲಿಲ್ಲ.

2024ರಲ್ಲಿಯೂ ಚಳಿಗಾಲ ಸುಮ್ಮನಿರಲಿಲ್ಲ. ನವೆಂಬರ್ 30ರಂದು ಪುದುಚೇರಿ ಬಳಿ ದಡ ಮುಟ್ಟಿದ ಫೆಂಗಲ್ ಚಂಡಮಾರುತ ಬಲ ಕಳೆದುಕೊಂಡು ಇತ್ತ ಬಂದಾಗ ಕರಾವಳಿಯಲ್ಲಿ ಆಟಿಯ ಮಳೆಯೇ ಸುರಿಯಿತು. ಡಿಸೆಂಬರ್ 3ರಂದು ದಕ್ಷಿಣ ಕನ್ನಡದ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಮಳೆ ಬಂದರೆ ಹೆದರಿಕೆಯಿಲ್ಲ, ಜನ ಮನೆಯಲ್ಲೇ ಕೂರುತ್ತಾರೆ. ಹೆದರಬೇಕಾದ್ದು ಮಳೆಯಿಲ್ಲದೆ ಬರುವ ಅಲೆಗೆ.

ಅದು ಹೇಗೆ ಬರುತ್ತದೆ? ನೂರಾರು ಮೈಲು ದೂರದ ಬಿರುಗಾಳಿ ಎಬ್ಬಿಸಿದ ಅಲೆ ಗಾಳಿ ನಿಂತರೂ ನಿಲ್ಲುವುದಿಲ್ಲ. ಸಾಗುತ್ತಾ ಸಾಗುತ್ತಾ ಉದ್ದವಾಗಿ, ದಡ ಸಿಕ್ಕಿದಲ್ಲಿ ಏಳುತ್ತದೆ. ಇಲ್ಲಿ ಆಕಾಶ ತಿಳಿಯಾಗಿರುತ್ತದೆ, ಎಲೆಯೂ ಅಲ್ಲಾಡುವುದಿಲ್ಲ. ಕೇರಳದವರು ಇದಕ್ಕೆ ‘ಕಳ್ಳಕ್ಕಡಲ್’ ಎಂದು ಹೆಸರಿಟ್ಟಿದ್ದಾರೆ. ಕಳ್ಳನಂತೆ ಬರುವ ಕಡಲು! ಹತ್ತು ನಿಮಿಷ ಸಣ್ಣ ಅಲೆ ಪಾದ ತೊಳೆಯುತ್ತದೆ. ಮತ್ತೆ ಮೂರು-ನಾಲ್ಕು ದೊಡ್ಡವು ಒಂದರ ಹಿಂದೆ ಒಂದು ಬಂದು ಬೀಳುತ್ತವೆ. ಒಂದು ಘನ ಮೀಟರ್ ಕಡಲ ನೀರು ಒಂದು ಟನ್ನಿಗಿಂತ ಹೆಚ್ಚು ತೂಗುತ್ತದೆ. ಮೊಣಕಾಲು ಮಟ್ಟದ ನೀರೇ ದೊಡ್ಡವರನ್ನು ಉರುಳಿಸಬಲ್ಲದು. ಮಕ್ಕಳ ಮಾತೇನು?

ಇನ್ನೊಂದು ಮೋಸವನ್ನೂ ತಿಳಿದಿರಬೇಕು. ದಡಕ್ಕೆ ಬಂದ ನೀರು ವಾಪಸು ಹೋಗಲು ದಾರಿ ಮಾಡಿಕೊಳ್ಳುತ್ತದೆ. ಎರಡು ಬದಿಗೆ ಬಿಳಿ ನೊರೆ, ನಡುವೆ ಅಲೆಯೇ ಇಲ್ಲದ ಸಪಾಟು ನೀರು: ಅದೇ ಆ ದಾರಿ. ಹೊರಗಿನಿಂದ ಬಂದವರು “ಇಲ್ಲಿ ಅಲೆ ಇಲ್ಲ ಮಾರಾಯ್ರೆ, ಇಲ್ಲೇ ಇಳಿಯುವ” ಎಂದು ಅಲ್ಲಿಗೇ ಇಳಿಯುತ್ತಾರೆ. ಆ ಸೆಳೆತ ಸೆಕೆಂಡಿಗೆ 2 ಮೀಟರ್ ವೇಗಕ್ಕೂ ಏರಬಲ್ಲದು. ಅದಕ್ಕೆ ಎದುರಾಗಿ ಈಜಿ ಗೆದ್ದವರಿಲ್ಲ. ಸಿಕ್ಕಿಬಿದ್ದವರು ತೇಲುತ್ತಾ, ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿಯಬೇಕು. ದಡದಲ್ಲಿದ್ದವರು ಹಿಂದೆ ಮುಂದೆ ನೋಡದೆ ಹಾರಬಾರದು. ಹಗ್ಗವೋ ಖಾಲಿ ಕ್ಯಾನೋ ಎಸೆದು, ರಕ್ಷಕರನ್ನು ಕೂಗಿ, 112ಕ್ಕೆ ಫೋನ್ ಮಾಡಬೇಕು.

2024ರ ಡಿಸೆಂಬರ್ 10ರಂದು ಮುರುಡೇಶ್ವರಕ್ಕೆ ಪ್ರವಾಸ ಬಂದ ಕೋಲಾರ ಜಿಲ್ಲೆಯ ಶಾಲಾ ಹುಡುಗಿಯರಲ್ಲಿ ನಾಲ್ವರು ನೀರುಪಾಲಾದರು. ಬಯಲುಸೀಮೆಯ ಮಕ್ಕಳಿಗೆ ಕಡಲಿನ ಗುಣ ಹೇಗೆ ಗೊತ್ತಾಗಬೇಕು? ಹೇಳಬೇಕಾದವರು ದಡದವರು.

ಹಾಗಾದರೆ ಕಡಲಿಗೆ ಹೋಗುವುದೇ ಬೇಡವೇ? ಖಂಡಿತ ಹೋಗಬೇಕು. ಅಲೆ ಎದ್ದ ದಿನದ ಕಡಲಿನ ಸೊಗಸೇ ಬೇರೆ. ನೋಡಬೇಕಾದ್ದು ಒಣ ಮರಳಿನಲ್ಲಿ ನಿಂತು. ಬಸ್ಸಿಳಿದವರು ಮೊದಲು ಹತ್ತು ಹದಿನೈದು ನಿಮಿಷ ಕಡಲನ್ನೇ ನೋಡಲಿ. ಒದ್ದೆ ಮರಳು, ಕಸಕಡ್ಡಿಯ ಗೆರೆ ಎಲ್ಲಿವರೆಗೆ ಉಂಟೋ ಅಲ್ಲಿವರೆಗೆ ನೀರು ಬಂದಿದೆ ಎಂದರ್ಥ. ಅದಕ್ಕಿಂತ ಮೇಲೆ ನಡೆಯಲಿ, ಮಕ್ಕಳನ್ನು ಒಳಬದಿಗೆ ಹಿಡಿಯಲಿ. ಫೋಟೋಕ್ಕೆಂದು ಕಡಲಿಗೆ ಬೆನ್ನು ಹಾಕುವುದು ಬೇಡ. ತಡೆಗೋಡೆಯ ಕಲ್ಲು, ಸೋಮೇಶ್ವರದ ರುದ್ರಪಾದೆಯಂಥ ಬಂಡೆಗಳ ತುದಿಗಂತೂ ಬೇಡವೇ ಬೇಡ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಚಪ್ಪಲಿಯೂ ನಿಲ್ಲುವುದಿಲ್ಲ, ಕಾಲೂ ನಿಲ್ಲುವುದಿಲ್ಲ.

ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ದೊಡ್ಡ ಅಲೆಯ ಮುನ್ಸೂಚನೆ ಕೊಡುತ್ತದೆ. ಮೀನುಗಾರರು ಅದನ್ನು ಕೇಳಿಯೇ ಬೋಟು ಬಿಡುವುದೋ ಕಟ್ಟುವುದೋ ತೀರ್ಮಾನಿಸುತ್ತಾರೆ. ಚುರುಮುರಿ ಪೊಟ್ಟಣ ಹಿಡಿದು ಬಂದವರಿಗೆ ಅದನ್ನು ಮುಟ್ಟಿಸುವವರು ಯಾರು?

ನೀರಿನ ಬದಿಯಲ್ಲಿ ಕೆಂಪು ಬಾವುಟ ನೆಟ್ಟರೆ ಸಾಲದು. ಎಚ್ಚರಿಕೆ ಬಂದ ದಿನ ಬಸ್ಸು ಇಳಿಯುವಲ್ಲೇ ಒಂದು ಕಪ್ಪು ಹಲಗೆ ಇಟ್ಟು, ಸುಣ್ಣದಕಡ್ಡಿಯಲ್ಲಿ ನಾಲ್ಕಕ್ಷರ ಬರೆದರೆ ಖರ್ಚೆಷ್ಟು? ಬಸ್ಸಿನ ಕಂಡಕ್ಟರು ಒಂದು ಕೂಗು ಹಾಕಬಹುದು. ಎಳನೀರಿನವರು, ಐಸ್‌ಕ್ರೀಮಿನವರು ಚಿಲ್ಲರೆ ಕೊಡುವಾಗ “ಇವತ್ತು ನೀರಿಗೆ ಇಳಿಯುದು ಬೇಡ ಅಕ್ಕ, ಕಡಲು ಸರಿ ಇಲ್ಲ” ಎಂದರೂ ಆಯಿತು. ಸರಕಾರದ ಹಲಗೆಯನ್ನು ಓದದವರೂ ಅಂಗಡಿಯವರ ಮಾತು ಕೇಳುತ್ತಾರೆ.

ಹಲಗೆಯ ವಿಷಯ ಸಂಬಂಧಪಟ್ಟವರು ನೋಡಿಕೊಳ್ಳಲಿ. ಅದು ಬರುವ ತನಕ ಅಂಗಡಿಯವರ ಬಾಯಿಮಾತೇ ಹಲಗೆ.