ಕೆಂಪು ಹೋಯಿತು, ದಾದ್ ಉಳಿಯಿತು

ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸ ಮಾಡುವ ಒಬ್ಬರು ಬೇಸಿಗೆಯಲ್ಲಿ ನನ್ನ ಬಳಿ ಬಂದರು. ಸೊಂಟದ ಸುತ್ತಲೂ ತೊಡೆಸಂದಿಯಲ್ಲೂ ಕಂದು ಬಣ್ಣದ ದೊಡ್ಡ ದೊಡ್ಡ ಕಲೆಗಳು. ಎಂಟು ತಿಂಗಳಿಂದ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಟ್ಯೂಬನ್ನೇ ಹಚ್ಚುತ್ತಿದ್ದರು. "ಹಚ್ಚಿದ ಎರಡನೇ ದಿನಕ್ಕೇ ತುರಿಕೆ ನಿಲ್ಲುತ್ತೆ ಡಾಕ್ಟರ್ ಸಾಬ್, ಬಿಟ್ಟ ವಾರಕ್ಕೆ ಎರಡರಷ್ಟಾಗಿ ಬರುತ್ತೆ" ಎಂದರು. ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ಕೇಳಿದೆ. ಹೆಂಡತಿಗೂ ಇತ್ತು; ನಾಚಿಕೆಯಿಂದ ಯಾರಿಗೂ ತೋರಿಸಿರಲಿಲ್ಲ. ಐದು ವರ್ಷದ ಮಗಳ ಕೆನ್ನೆಯ ಮೇಲೂ ಒಂದು ಉಂಗುರ ಎದ್ದಿತ್ತು.

ನಾವು ದಾದ್ ಎನ್ನುವುದನ್ನು ಕನ್ನಡದಲ್ಲಿ ಗಜಕರ್ಣ, ಹುಳುಕಡ್ಡಿ ಎನ್ನುತ್ತಾರೆ. ಯುನಾನಿ ಗ್ರಂಥಗಳಲ್ಲಿ ಇದರ ಹೆಸರು ಕೂಬಾ. ಹೆಸರಿನಲ್ಲಿ ಹುಳು ಇದ್ದರೂ ರೋಗದಲ್ಲಿ ಹುಳು ಇಲ್ಲ. ಇದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿ. ಬೇಕರಿಯಲ್ಲಿ ಬನ್ನು ಉಬ್ಬಿಸುವ ಯೀಸ್ಟ್ ಇದರ ದೂರದ ನೆಂಟ. ಯೀಸ್ಟ್ ಒಂಟಿ ಜೀವಕೋಶ. ಮೈಮೇಲೆ ಮೊಗ್ಗು ಮೂಡಿ, ಅದು ಕಳಚಿ ಇನ್ನೊಂದಾಗುತ್ತದೆ. ದಾದಿನ ಶಿಲೀಂಧ್ರ ಹಾಗಲ್ಲ, ನೂಲಿನ ಎಳೆಯಂತೆ ಉದ್ದಕ್ಕೆ ಬೆಳೆದು ಕವಲೊಡೆಯುತ್ತದೆ. ಮಗ್ಗದವರಿಗೆ ಇದನ್ನು ವಿವರಿಸುವುದು ಸುಲಭ! ಚರ್ಮದ ಮೇಲ್ಪದರ, ಕೂದಲು, ಉಗುರುಗಳಲ್ಲಿರುವ ಕೆರಾಟಿನ್ ಅದರ ಆಹಾರ. ನಡುವೆ ವಾಸಿಯಾಗುತ್ತಾ ಅಂಚಿನಲ್ಲಿ ಮುಂದುವರಿಯುವುದರಿಂದಲೇ ಉಂಗುರದ ಆಕಾರ.

ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯಾಟಿಕ್ ಇದಕ್ಕೆ ನಾಟುವುದಿಲ್ಲ. ಶಿಲೀಂಧ್ರದ ಜೀವಕೋಶಕ್ಕೆ ನಮ್ಮ ಜೀವಕೋಶದಂತೆಯೇ ನ್ಯೂಕ್ಲಿಯಸ್ ಇದೆ, ಮೈಟೋಕಾಂಡ್ರಿಯಾ ಇದೆ. ಅದಕ್ಕೆ ಹೊಡೆದ ಪೆಟ್ಟು ನಮಗೂ ತಾಗಬಹುದು. ಹಾಗಾಗಿ ಔಷಧಿ ಮಾಡುವವರು ಅದರಲ್ಲಿದ್ದು ನಮ್ಮಲ್ಲಿ ಇಲ್ಲದ್ದನ್ನು ಹುಡುಕಬೇಕಾಯಿತು. ನಮ್ಮ ಜೀವಕೋಶದ ಪೊರೆಯಲ್ಲಿ ಕೊಲೆಸ್ಟರಾಲ್ ಇದ್ದರೆ ಅದರ ಪೊರೆಯಲ್ಲಿ ಎರ್ಗೊಸ್ಟೆರಾಲ್ ಇದೆ. ಇಟ್ರಾಕೊನಜೋಲ್, ಟರ್ಬಿನಾಫಿನ್ ಮಾತ್ರೆಗಳು ಈ ಎರ್ಗೊಸ್ಟೆರಾಲ್ ತಯಾರಾಗುವುದನ್ನೇ ಬೇರೆಬೇರೆ ಹಂತದಲ್ಲಿ ತಡೆಯುತ್ತವೆ. ಪೊರೆಯ ಹೊರಗೆ ಕೈಟಿನ್ ಸೇರಿದ ಗಟ್ಟಿ ಗೋಡೆಯೂ ಇದೆ, ನಮಗೆ ಅದಿಲ್ಲ. ಲ್ಯಾಬಿನಲ್ಲಿ ಚರ್ಮದ ಪುಡಿ ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿದಾಗ ನಮ್ಮ ಜೀವಕೋಶಗಳು ಕರಗಿಹೋಗಿ, ಗೋಡೆಯ ಬಲದಿಂದ ಶಿಲೀಂಧ್ರದ ಎಳೆಗಳು ಮಾತ್ರ ಮೈಕ್ರೋಸ್ಕೋಪಿನಡಿ ಉಳಿಯುತ್ತವೆ. ಖರ್ಚು ಕಡಿಮೆ, ಉತ್ತರ ಬೇಗ. ಆದರೂ ಈ ಪರೀಕ್ಷೆ ಮಾಡಿಸಿಕೊಂಡು ಬರುವವರು ನನಗೆ ಅಪರೂಪಕ್ಕೆ ಸಿಗುತ್ತಾರೆ.

ಇನ್ನು ಆ ಟ್ಯೂಬಿನ ವಿಷಯ. ಅದರಲ್ಲಿ ಶಿಲೀಂಧ್ರದ ಔಷಧಿಯ ಜೊತೆ ಆಂಟಿಬಯಾಟಿಕ್, ಕ್ಲೊಬೆಟಸಾಲ್ ಎಂಬ ಬಲವಾದ ಸ್ಟಿರಾಯ್ಡ್ ಎಲ್ಲವೂ ಇತ್ತು. ಕೆಂಪು, ತುರಿಕೆ ಬರುವುದು ನಮ್ಮ ದೇಹ ಹೋರಾಡುತ್ತಿರುವುದರಿಂದ. ಸ್ಟಿರಾಯ್ಡ್ ಆ ಹೋರಾಟವನ್ನೇ ಅಡಗಿಸುತ್ತದೆ. ಆರಾಮವಾಯಿತೆಂದು ನಾವಂದುಕೊಂಡಾಗ ಶಿಲೀಂಧ್ರ ನಿರಾತಂಕವಾಗಿ ಹರಡುತ್ತಿರುತ್ತದೆ. ಚರ್ಮ ತೆಳುವಾಗಿ ತೊಡೆಯಲ್ಲಿ ಬೀಳುವ ಗೀರುಗಳು ಮತ್ತೆ ಮಾಸುವುದಿಲ್ಲ. 2018ರಲ್ಲಿ ಕೇಂದ್ರ ಸರಕಾರ ಇಂಥ ಸ್ಟಿರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಬಿಗಿ ಮಾಡಿತು. ನಿಯಮ ಎಷ್ಟು ನಡೆಯುತ್ತಿದೆ ಎಂಬುದು ನಿಮ್ಮ ಬೀದಿಯ ಅಂಗಡಿಯಲ್ಲೇ ಗೊತ್ತಾಗುತ್ತದೆ.

ಈ ನಡುವೆ ಶಿಲೀಂಧ್ರವೂ ಬದಲಾಗಿದೆ. 2020ರಲ್ಲಿ ವಿಜ್ಞಾನಿಗಳು ಒಂದು ತಳಿಗೆ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲೇ ನಮ್ಮ ದೇಶವಿದೆ. ಟರ್ಬಿನಾಫಿನ್ ಹೋಗಿ ಹಿಡಿಯಬೇಕಾದ ಕಿಣ್ವವನ್ನೇ ಅದು ಸ್ವಲ್ಪ ಮಾರ್ಪಡಿಸಿಕೊಂಡಿರುವುದರಿಂದ ಮಾತ್ರೆ ಹಲವರಲ್ಲಿ ಕೆಲಸ ಮಾಡುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲೂ ಇದು ವರದಿಯಾಯಿತು. ನಮ್ಮ ಯುನಾನಿಯಲ್ಲಿ ಗಂಧಕದ ಮುಲಾಮುಗಳಿವೆ. ಆದರೆ ಸ್ಟಿರಾಯ್ಡಿನ ನೆರಳಲ್ಲಿ ಇಡೀ ಮೈಗೆ ಹಬ್ಬಿದ ದಾದನ್ನು ನಾನು ಮುಲಾಮಿನಲ್ಲಿ ಕಾಯಿಸುವುದಿಲ್ಲ, ಚರ್ಮರೋಗ ತಜ್ಞರಿಗೆ ಕಳುಹಿಸುತ್ತೇನೆ. ಬೆಳ್ಳುಳ್ಳಿ ಅರೆದು ಕಟ್ಟಿ ಚರ್ಮ ಸುಟ್ಟುಕೊಂಡು ಬರುವವರಿಗಂತೂ ಏನು ಹೇಳಲಿ!

ಉದುರಿದ ಚರ್ಮದ ಚೂರಿನಲ್ಲಿ ಶಿಲೀಂಧ್ರದ ಬೀಜಕಣ ತಿಂಗಳುಗಟ್ಟಲೆ ಬದುಕಬಲ್ಲದು. ಒಂದೇ ಟವೆಲ್, ಒಂದೇ ಲುಂಗಿ, ಒಂದೇ ಬಾಚಣಿಗೆ ಬೇಡ. ಮಸೀದಿಯ ಬಾಗಿಲಲ್ಲಿರುವ ಟೋಪಿಗಳ ಬುಟ್ಟಿಯಿಂದ ಮಕ್ಕಳು ತೆಗೆದು ಹಾಕಿಕೊಳ್ಳುವುದಕ್ಕಿಂತ ಮನೆಯ ಟೋಪಿ ಜೇಬಿನಲ್ಲಿರಲಿ; ಮಕ್ಕಳ ತಲೆಯಲ್ಲಿ ಕೂದಲು ಮುರಿದು ಬೋಳಾಗುವ ದಾದ್ ಹೀಗೂ ಹರಡಬಹುದು. ವುಝೂವಿನಲ್ಲಿ ಕಾಲ್ಬೆರಳುಗಳ ನಡುವೆ ಖಿಲಾಲ್ ಮಾಡಿ ನೀರು ಮುಟ್ಟಿಸುತ್ತೇವೆ. ಆಮೇಲೆ ಅಲ್ಲಿ ಒರೆಸದೆ ಸಾಕ್ಸ್ ಹಾಕಿಕೊಂಡರೆ ಶಿಲೀಂಧ್ರಕ್ಕೆ ಬೇಕಾದ ತೇವ ಸಿಕ್ಕಂತೆಯೇ. ಸ್ವಂತ ಕರವಸ್ತ್ರ ಇಟ್ಟುಕೊಳ್ಳಿ. ರೋಗಿಯ ಬಟ್ಟೆಯನ್ನು ಬೇರೆಯಾಗಿ ಬಿಸಿನೀರಿನಲ್ಲಿ ಒಗೆದು, ಬಿಸಿಲಿಗೆ ತಿರುಗಿಸಿ ಹಾಕಿ, ಹೊಲಿಗೆಯ ಮೇಲೆ ಇಸ್ತ್ರಿ ಮಾಡಿ.

ಮಧುಮೇಹ ಇರುವವರಿಗೆ ಇನ್ನೊಂದು ಮಾತು. ಬಾಯಲ್ಲಿ ಬಿಳಿ ಪದರ, ಹೆಂಗಸರಿಗೆ ಗುಪ್ತಾಂಗದಲ್ಲಿ ತುರಿಕೆ ಪದೇಪದೇ ಬಂದರೆ ಅದು ಕ್ಯಾಂಡಿಡಾ ಎಂಬ ಯೀಸ್ಟ್ ಇರಬಹುದು. ಮೊದಲು ಶುಗರ್ ನೋಡಿಸಿ.

ಆ ಮಗ್ಗದವರ ಮನೆಯ ಮೂವರನ್ನೂ ಒಂದೇ ದಿನ ತಜ್ಞರ ಬಳಿ ಕಳುಹಿಸಿದೆ. ಹೆಂಡತಿ ಲೇಡಿ ಡಾಕ್ಟರ್ ಇದ್ದರೆ ಮಾತ್ರ ಬರುತ್ತೇನೆಂದರು, ಹಾಗೇ ವ್ಯವಸ್ಥೆಯಾಯಿತು. ಮಗಳ ಕೆನ್ನೆ ಮೊದಲು ವಾಸಿಯಾಯಿತು. ಅಪ್ಪನಿಗೆ ಮೂರು ತಿಂಗಳು ಹಿಡಿಯಿತು. ಕಲೆ ಹೋದ ಮೇಲೂ ಎರಡು ವಾರ ಔಷಧಿ ಬಿಡದಂತೆ ನೋಡಿಕೊಂಡವರು ಅವರ ಹೆಂಡತಿಯೇ.